ಹಂದಿಮಾಂಸ ಮುಟ್ಟದವರ ಮೆದುಳಿಗೆ ಲಾಡಿಹುಳು ಬರುವುದು ಹೇಗೆ?

ಚೆನ್ನಾಗಿ ಆಡಿಕೊಂಡಿದ್ದ ಶಾಲಾ ಹುಡುಗನೊಬ್ಬನಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬರುತ್ತದೆ. ಸ್ಕ್ಯಾನ್ ಮಾಡಿಸಿದಾಗ ಮೆದುಳಿನಲ್ಲಿ ಉಂಗುರದಾಕಾರದ ಸಣ್ಣ ಗುರುತೊಂದು ಕಾಣುತ್ತದೆ. ಅದು ಹಂದಿಗಳಲ್ಲಿ ಕಂಡುಬರುವ ಲಾಡಿಹುಳುವಿನ ಮರಿ ಕೂತು ಆದ ಗಂಟು ಎಂದು ವೈದ್ಯರು ವಿವರಿಸಿದಾಗ, ಮೊಟ್ಟೆಯನ್ನೂ ಮನೆಯೊಳಗೆ ತಾರದ ಹೆತ್ತವರಿಗೆ ದಿಕ್ಕು ತೋಚುವುದಿಲ್ಲ. ಇಂಥ ಪ್ರಸಂಗಗಳು ಕರ್ನಾಟಕದ ನರರೋಗ ವೈದ್ಯರಿಗೆ ಅಪರೂಪವೇನಲ್ಲ. ಇನ್ನೊಂದೆಡೆ, ಎಲೆಕೋಸಿನ ಎಸಳುಗಳ ನಡುವೆ ಹರಿದಾಡುವ ಹಸಿರು ಹುಳುವೇ ಮೆದುಳಿಗೆ ಏರುತ್ತದೆ ಎಂಬ ವಿಡಿಯೊಗಳು ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬಂದು ಜನರನ್ನು ಹೆದರಿಸುತ್ತಿರುತ್ತವೆ. ಹಂದಿ, ಮನುಷ್ಯ ಮತ್ತು ತರಕಾರಿ, ಈ ಮೂರಕ್ಕೂ ಇರುವ ನಿಜವಾದ ನಂಟು ಯಾವುದು ಎಂಬುದು ಆ ಹುಳುವಿನ ಬದುಕಿನ ಕ್ರಮವನ್ನು ಒಮ್ಮೆ ತಿಳಿದುಕೊಂಡರೆ ಸ್ಪಷ್ಟವಾಗುತ್ತದೆ.

ಒಂದೇ ಹುಳುವಿಗೆ ಇಬ್ಬರು ಆತಿಥೇಯರು

ಇನ್ನೊಂದು ಜೀವಿಯ ಮೈಯೊಳಗೆ ಅಥವಾ ಮೈಮೇಲೆ ನೆಲೆಸಿ, ಅದರಿಂದಲೇ ಆಹಾರ ಪಡೆದು ಬದುಕುವ ಜೀವಿಯನ್ನು ಪರಾವಲಂಬಿ ಎಂದೂ, ಆಶ್ರಯ ಕೊಟ್ಟ ಜೀವಿಯನ್ನು ಆತಿಥೇಯ ಎಂದೂ ಕರೆಯುತ್ತಾರೆ. ಪ್ರಾಣಿಗಳಿಗೂ ಮನುಷ್ಯರಿಗೂ ನಡುವೆ ದಾಟುವ ಸೋಂಕುಗಳಿಗೆ ಪ್ರಾಣಿಜನ್ಯ ರೋಗಗಳು ಎಂಬ ಹೆಸರಿದೆ. ಕರುಳಿನ ಪರಾವಲಂಬಿಗಳಲ್ಲಿ ಕೆಲವು ಒಂದೇ ಆತಿಥೇಯನಲ್ಲಿ ಇಡೀ ಬದುಕನ್ನು ಮುಗಿಸುತ್ತವೆ, ಲಾಡಿಹುಳುಗಳು ಹಾಗಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಮರಿಯಾಗಿದ್ದಾಗ ಒಬ್ಬ ಆತಿಥೇಯ ಬೇಕು, ಬೆಳೆದು ಮೊಟ್ಟೆಯಿಡಲು ಮತ್ತೊಬ್ಬ ಬೇಕು. ಮರಿಹಂತಕ್ಕೆ ಜಾಗ ಕೊಡುವವನು ಮಧ್ಯಂತರ ಆತಿಥೇಯ, ಪ್ರೌಢ ಹುಳುವಿಗೆ ಜಾಗ ಕೊಡುವವನು ಅಂತಿಮ ಆತಿಥೇಯ.

ಇಲ್ಲಿ ಹೇಳುತ್ತಿರುವ ಹುಳುವಿನ ವೈಜ್ಞಾನಿಕ ಹೆಸರು ಟೀನಿಯಾ ಸೋಲಿಯಂ. ಇದನ್ನು ಹಂದಿಯ ಲಾಡಿಹುಳು ಎಂದು ಕರೆಯುವುದು ರೂಢಿಯಾದರೂ, ಹಂದಿ ಇದರ ಮಧ್ಯಂತರ ಆತಿಥೇಯ ಮಾತ್ರ. ಸಹಜ ಬದುಕಿನಲ್ಲಿ ಪ್ರೌಢ ಹುಳು ನೆಲೆಸುವುದು ಮನುಷ್ಯನ ಕರುಳಿನಲ್ಲಿಯೇ. ಅಂದರೆ ಮೊಟ್ಟೆಗಳನ್ನು ಹೊರಹಾಕಿ ರೋಗವನ್ನು ಹರಡುವವನು ಮನುಷ್ಯ. ಹಂದಿಗೆ ಸೋಂಕು ಬರುವುದು ಅವನಿಂದ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಗೊಂದಲಗಳು ಬಹುಮಟ್ಟಿಗೆ ತಾವಾಗಿಯೇ ತಿಳಿಯಾಗುತ್ತವೆ.

ಕರುಳಿನಲ್ಲಿ ಬೆಳೆದ ಹುಳು

ಬೆಳೆದ ಲಾಡಿಹುಳು ಸಾಮಾನ್ಯವಾಗಿ 2ರಿಂದ 7 ಮೀಟರ್‌ವರೆಗೆ ಉದ್ದವಿರುತ್ತದೆ. ಅದರ ತಲೆಯಲ್ಲಿ ನಾಲ್ಕು ಹೀರುಬಟ್ಟಲುಗಳೂ ಎರಡು ಸಾಲು ಸಣ್ಣ ಕೊಕ್ಕೆಗಳೂ ಇದ್ದು, ಅವುಗಳ ನೆರವಿನಿಂದ ಅದು ಸಣ್ಣಕರುಳಿನ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಬಾಯಿಯಾಗಲಿ ಹೊಟ್ಟೆಯಾಗಲಿ ಇಲ್ಲ. ಕರುಳಿನಲ್ಲಿ ಜೀರ್ಣವಾದ ಆಹಾರವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಕುತ್ತಿಗೆಯ ಭಾಗದಲ್ಲಿ ಹೊಸ ಹೊಸ ಖಂಡಗಳು ಹುಟ್ಟುತ್ತಾ ಹಳೆಯವು ಹಿಂದಕ್ಕೆ ಸರಿಯುತ್ತವೆ. ಬಾಲದ ತುದಿಯ ಬಲಿತ ಖಂಡವೊಂದರಲ್ಲಿ ಸುಮಾರು 50,000 ಮೊಟ್ಟೆಗಳಿರಬಹುದು. ಇಂಥ ಖಂಡಗಳು ಕಳಚಿಕೊಂಡು ಮಲದೊಡನೆ ಹೊರಬೀಳುತ್ತವೆ.

ಇಷ್ಟುದ್ದದ ಹುಳು ಹೊಟ್ಟೆಯಲ್ಲಿದ್ದರೂ ಅದನ್ನು ಹೊತ್ತವರಿಗೆ ಹೇಳಿಕೊಳ್ಳುವಂಥ ತೊಂದರೆ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಹೊಟ್ಟೆನೋವು, ವಾಕರಿಕೆ, ಭೇದಿ ಅಥವಾ ಮಲಬದ್ಧತೆ, ಮಲದಲ್ಲಿ ಚಪ್ಪಟೆಯಾದ ಬಿಳಿಯ ತುಣುಕುಗಳು ಕಾಣಬಹುದು, ಅಷ್ಟೆ. ಈ ಸ್ಥಿತಿಯನ್ನು ವೈದ್ಯರು ಟೀನಿಯಾಸಿಸ್ ಎನ್ನುತ್ತಾರೆ. ಕಾಯಿಲೆಯ ಲೆಕ್ಕದಲ್ಲಿ ಇದು ಸೌಮ್ಯ. ಆದರೆ ಆ ವ್ಯಕ್ತಿ ತನಗರಿವಿಲ್ಲದೆಯೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಕಣ್ಣಿಗೆ ಕಾಣದ ಮೊಟ್ಟೆಗಳನ್ನು ಸುತ್ತಲಿನ ನೆಲಕ್ಕೂ ನೀರಿಗೂ ಸೇರಿಸುತ್ತಿರುತ್ತಾನೆ. ಒಂದೊಂದು ಮೊಟ್ಟೆಯ ಗಾತ್ರ ಒಂದು ಮಿಲಿಮೀಟರಿನ ನೂರರಲ್ಲಿ ಮೂರು-ನಾಲ್ಕು ಭಾಗದಷ್ಟು. ಅದರ ಕವಚ ಗಟ್ಟಿಯಾದದ್ದು, ತೇವವಿರುವ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು.

ಹಂದಿಯ ಮಾಂಸಖಂಡದಲ್ಲಿ

ಬಯಲು ಶೌಚವಿರುವ ಊರಿನಲ್ಲಿ ಅಲೆಯಲು ಬಿಟ್ಟ ಹಂದಿಗಳು ಮಲವನ್ನು ತಿನ್ನುತ್ತವೆ ಎಂಬುದು ಎಲ್ಲರೂ ಕಂಡಿರುವ ಸಂಗತಿ. ಮಲದಲ್ಲಿದ್ದ ಮೊಟ್ಟೆ ಹಂದಿಯ ಹೊಟ್ಟೆ ಸೇರಿ, ಜೀರ್ಣರಸ ಮತ್ತು ಪಿತ್ತರಸದ ಪ್ರಭಾವದಿಂದ ಒಡೆದಾಗ, ಆರು ಕೊಕ್ಕೆಗಳುಳ್ಳ ಸೂಕ್ಷ್ಮ ಮರಿ ಹೊರಬರುತ್ತದೆ. ಅದು ಕರುಳಿನ ಗೋಡೆಯನ್ನು ಕೊರೆದು ರಕ್ತನಾಳವನ್ನು ಹೊಕ್ಕು, ರಕ್ತದೊಡನೆ ಹರಿದು ಮಾಂಸಖಂಡಗಳಲ್ಲಿ ನೆಲೆಯೂರುತ್ತದೆ. ಎರಡು ಮೂರು ತಿಂಗಳಲ್ಲಿ ಅಲ್ಲಿ ನೀರು ತುಂಬಿದ ಒಂದು ಸಣ್ಣ ಚೀಲ ರೂಪುಗೊಳ್ಳುತ್ತದೆ. ಸೋಂಕು ತೀವ್ರವಾಗಿರುವ ಹಂದಿಯ ಮಾಂಸವನ್ನು ಕೊಯ್ದರೆ, ಎಳೆಗಳ ನಡುವೆ ನೆನೆಸಿದ ಸಬ್ಬಕ್ಕಿಯನ್ನು ಒತ್ತಿಟ್ಟಂತೆ ಈ ಚೀಲಗಳು ಕಾಣುತ್ತವೆ. ಒಂದೊಂದರ ಒಳಗೂ ಬಿಳಿಯ ಚುಕ್ಕೆಯೊಂದು ಇರುತ್ತದೆ. ಅದೇ ಮುಂದಿನ ಹುಳುವಿನ ತಲೆ. ಈ ಚೀಲಕ್ಕೆ ಸಿಸ್ಟಿಸರ್ಕಸ್ ಎಂದು ಹೆಸರು.

ಅರೆಬೆಂದ ಮಾಂಸದೊಡನೆ ಇಂಥ ಚೀಲ ಮನುಷ್ಯನ ಹೊಟ್ಟೆ ಸೇರಿದರೆ, ಒಳಗಿನ ತಲೆ ಹೊರಚಾಚಿಕೊಂಡು ಕರುಳಿಗೆ ಅಂಟಿಕೊಳ್ಳುತ್ತದೆ ಮತ್ತು ಸುಮಾರು ಎರಡು ತಿಂಗಳಲ್ಲಿ ಪ್ರೌಢ ಲಾಡಿಹುಳುವಾಗುತ್ತದೆ. ಹಂದಿಯಲ್ಲಿನ ಚೀಲ ಮತ್ತು ಮನುಷ್ಯನಲ್ಲಿನ ಹುಳು ಎರಡೂ ಒಂದೇ ಜೀವಿಯ ಎರಡು ಹಂತಗಳು ಎಂಬುದು 19ನೆಯ ಶತಮಾನದ ನಡುವಿನವರೆಗೂ ವಾದದ ವಿಷಯವಾಗಿತ್ತು. 1855ರಲ್ಲಿ ಜರ್ಮನಿಯ ವೈದ್ಯ ಫ್ರೆಡರಿಕ್ ಕ್ಯೂಕೆನ್‌ಮೈಸ್ಟರ್ ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬನಿಗೆ ಈ ಚೀಲಗಳನ್ನು ಆಹಾರದಲ್ಲಿ ಸೇರಿಸಿ ಕೊಟ್ಟು, ಶಿಕ್ಷೆ ಜಾರಿಯಾದ ಬಳಿಕ ಅವನ ಕರುಳಿನಲ್ಲಿ ಎಳೆಯ ಲಾಡಿಹುಳುಗಳನ್ನು ತೋರಿಸಿಕೊಟ್ಟ. ಇಂದು ಯಾರೂ ಒಪ್ಪಲಾರದ ಪ್ರಯೋಗವದು. ಆಗಲೂ ಟೀಕೆಗೆ ಒಳಗಾಗಿತ್ತು.

ಮನುಷ್ಯ ಹಂದಿಯ ಜಾಗದಲ್ಲಿ ನಿಂತಾಗ

ಇಲ್ಲಿಯವರೆಗಿನ ಚಕ್ರದಲ್ಲಿ ಮಾಂಸ ತಿನ್ನದವನಿಗೆ ಯಾವ ಅಪಾಯವೂ ಇಲ್ಲ. ಅಪಾಯ ಬರುವುದು ಚಕ್ರ ದಾರಿ ತಪ್ಪಿದಾಗ. ಹಂದಿ ತಿನ್ನಬೇಕಾಗಿದ್ದ ಮೊಟ್ಟೆಯನ್ನು ಮನುಷ್ಯನೇ ನುಂಗಿದರೆ, ಅವನ ದೇಹದಲ್ಲಿಯೂ ಹಂದಿಯಲ್ಲಿ ಆದದ್ದೇ ಆಗುತ್ತದೆ: ಮರಿ ಕರುಳನ್ನು ಕೊರೆದು ರಕ್ತದಲ್ಲಿ ಹರಿದು ಸ್ನಾಯು, ಚರ್ಮದ ಅಡಿ, ಕಣ್ಣು ಅಥವಾ ಮೆದುಳಿನಲ್ಲಿ ಕೂತು ಚೀಲವಾಗುತ್ತದೆ. ಈ ಸ್ಥಿತಿಗೆ ಸಿಸ್ಟಿಸರ್ಕೋಸಿಸ್ ಎಂದೂ, ಮೆದುಳು ಮತ್ತು ನರಮಂಡಲದಲ್ಲಿ ಆದಾಗ ನ್ಯೂರೋಸಿಸ್ಟಿಸರ್ಕೋಸಿಸ್ ಎಂದೂ ಹೆಸರು.

ಹೀಗೆ ಒಂದೇ ಜೀವಿಯಿಂದ ಎರಡು ಬೇರೆ ಕಾಯಿಲೆಗಳು, ಎರಡು ಬೇರೆ ದಾರಿಗಳಲ್ಲಿ ಬರುತ್ತವೆ. ಮಾಂಸದಲ್ಲಿನ ಚೀಲವನ್ನು ತಿಂದವರಿಗೆ ಕರುಳಿನಲ್ಲಿ ಹುಳುವಾಗುತ್ತದೆ. ಮನುಷ್ಯನ ಮಲದಿಂದ ಬಂದ ಮೊಟ್ಟೆಯನ್ನು ನುಂಗಿದವರಿಗೆ ಮೆದುಳಿನಲ್ಲಿ ಚೀಲವಾಗುತ್ತದೆ. ಎರಡನೆಯದಕ್ಕೆ ಮಾಂಸಾಹಾರದ ಅಗತ್ಯವೇ ಇಲ್ಲ. ಹುಳುವನ್ನು ಹೊತ್ತವರು ಶೌಚದ ನಂತರ ಕೈಯನ್ನು ಸರಿಯಾಗಿ ತೊಳೆಯದೆ ಕಲಸಿದ ಅನ್ನ, ಹೆಚ್ಚಿದ ಸೌತೆಕಾಯಿ, ತುಂಬಿಟ್ಟ ಕುಡಿಯುವ ನೀರು, ಇವುಗಳಲ್ಲಿ ಯಾವುದಾದರೂ ಸಾಕು. ಹುಳುವನ್ನು ಹೊತ್ತವರ ಕೈಯಿಂದಲೇ ಅವರ ಬಾಯಿಗೂ ಮೊಟ್ಟೆ ಹೋಗಬಹುದಾದ್ದರಿಂದ ಒಬ್ಬರಲ್ಲೇ ಎರಡೂ ಕಾಯಿಲೆಗಳು ಕಾಣಿಸಿಕೊಳ್ಳುವುದೂ ಉಂಟು.

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ದೊರೆತದ್ದು ನ್ಯೂಯಾರ್ಕ್‌ನಲ್ಲಿ. ಹಂದಿಮಾಂಸ ಧರ್ಮನಿಷಿದ್ಧವಾಗಿರುವ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರಲ್ಲಿ ಮೂರ್ಛೆ ಮತ್ತು ಮೆದುಳಿನ ಚೀಲಗಳು ಕಂಡುಬಂದದ್ದನ್ನು 1992ರಲ್ಲಿ ವೈದ್ಯರು ವರದಿ ಮಾಡಿದರು. ಈ ಸೋಂಕು ಹೆಚ್ಚಾಗಿರುವ ದೇಶಗಳಿಂದ ಬಂದು ಆ ಮನೆಗಳಲ್ಲಿ ಕೆಲಸಕ್ಕಿದ್ದವರನ್ನು ಪರೀಕ್ಷಿಸಿದಾಗ ಒಬ್ಬರ ಕರುಳಿನಲ್ಲಿ ಲಾಡಿಹುಳುವಿನ ಸೋಂಕು ಇತ್ತು. ಆ ಕೆಲಸಗಾರ್ತಿಯರಿಗೂ ತಮ್ಮೊಳಗಿನ ಹುಳುವಿನ ಸುಳಿವು ಇರಲು ಕಾರಣವಿರಲಿಲ್ಲ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಫಿಟ್ಸ್ ಏಕೆ, ಅದೂ ಅಷ್ಟು ತಡವಾಗಿ ಏಕೆ

ಮೆದುಳಿನಲ್ಲಿ ಜೀವಂತ ಚೀಲವಿದ್ದರೂ ಬಹಳ ಕಾಲ ಏನೂ ಆಗದಿರಬಹುದು. ಚೀಲದೊಳಗಿನ ಮರಿ ತನ್ನ ಸುತ್ತಲಿನ ರೋಗನಿರೋಧಕ ಪ್ರತಿಕ್ರಿಯೆಯನ್ನು ಅಡಗಿಸಿಡುವ ರಾಸಾಯನಿಕಗಳನ್ನು ಸ್ರವಿಸುತ್ತದೆ. ಅದು ಮುದಿಯಾಗಿ ಸಾಯತೊಡಗಿದಾಗ ಈ ಹಿಡಿತ ಸಡಿಲಗೊಳ್ಳುತ್ತದೆ. ದೇಹದ ರಕ್ಷಣಾ ಕೋಶಗಳು ಅದರ ಮೇಲೆ ಎರಗುತ್ತವೆ. ಸುತ್ತಲೂ ಊತ ಉಂಟಾಗಿ ಪಕ್ಕದ ನರಕೋಶಗಳು ಕೆರಳುತ್ತವೆ. ಮೂರ್ಛೆ ಬರುವುದು ಹೀಗೆ. ಸ್ಕ್ಯಾನ್‌ನಲ್ಲಿ ಕಾಣುವ ಉಂಗುರವೂ ಈ ಊತದ ಹಂತದ್ದೇ. ಕೊನೆಗೆ ಚೀಲ ಕರಗಿಹೋಗಬಹುದು, ಇಲ್ಲವೇ ಸುಣ್ಣಗಟ್ಟಿದ ಕಲೆಯಾಗಿ ಉಳಿಯಬಹುದು. ಆ ಕಲೆಯೂ ಕೆಲವರಲ್ಲಿ ಮುಂದೆ ಫಿಟ್ಸ್‌ಗೆ ಕಾರಣವಾಗುತ್ತದೆ.

ಸೋಂಕಿಗೂ ಲಕ್ಷಣಕ್ಕೂ ನಡುವಿನ ಈ ಅಂತರ ಎಷ್ಟೆಂಬುದು ಮೊದಲು ತಿಳಿದುಬಂದದ್ದು ಭಾರತದಲ್ಲಿ ಸೇವೆ ಸಲ್ಲಿಸಿ ತಾಯ್ನಾಡಿಗೆ ಮರಳಿದ ಬ್ರಿಟಿಷ್ ಸೈನಿಕರಿಂದ. ರೋಗವೇ ಇಲ್ಲದ ಇಂಗ್ಲೆಂಡಿನಲ್ಲಿ ಅವರಿಗೆ ಮೂರ್ಛೆ ಕಾಣಿಸಿಕೊಳ್ಳುತ್ತಿತ್ತು. ಇಂಥ 450 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದ ಡಿಕ್ಸನ್ ಮತ್ತು ಲಿಪ್‌ಸ್ಕೂಂಬ್ ಅವರ ಅಧ್ಯಯನ 1961ರಲ್ಲಿ ಪ್ರಕಟವಾಯಿತು. ಬಹುಪಾಲು ಜನರಿಗೆ ಸೋಂಕು ತಗುಲಿರಬಹುದಾದ ಕಾಲದಿಂದ ಏಳು ವರ್ಷಗಳೊಳಗೆ ಲಕ್ಷಣಗಳು ಕಂಡಿದ್ದವು, ಕೆಲವರಿಗೆ ಇನ್ನೂ ಎಷ್ಟೋ ತಡವಾಗಿ. ಆದ್ದರಿಂದ "ಕಳೆದ ವಾರ ಏನು ತಿಂದೆವು" ಎಂದು ಮನೆಯವರು ಲೆಕ್ಕ ಹಾಕುವುದರಿಂದ ಪ್ರಯೋಜನವಿಲ್ಲ.

ಭಾರತದಲ್ಲಿ ಹೆಚ್ಚಾಗಿ ಕಾಣುವುದು ಹಲವು ಚೀಲಗಳಲ್ಲ, ಒಂದೇ ಒಂದು ಸಣ್ಣ ಗಂಟು. ಸಿಟಿ ಸ್ಕ್ಯಾನ್ ಬಳಕೆಗೆ ಬಂದ ಆರಂಭದ ವರ್ಷಗಳಲ್ಲಿ ಇದನ್ನು ಮೆದುಳಿನ ಕ್ಷಯದ ಗಂಟೆಂದು ಭಾವಿಸಿ ಎಷ್ಟೋ ರೋಗಿಗಳಿಗೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡಲಾಗುತ್ತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಿಂದ ತೆಗೆದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಸಾಯುತ್ತಿರುವ ಸಿಸ್ಟಿಸರ್ಕಸ್‌ಗಳೆಂದು 1980ರ ದಶಕದ ಕೊನೆಯಲ್ಲಿ ತೋರಿಸಿದರು. ಗಂಟು 20 ಮಿಲಿಮೀಟರಿಗಿಂತ ದೊಡ್ಡದಿರಬಾರದು, ಮೆದುಳಿನ ನಡುಗೆರೆ ಪಕ್ಕಕ್ಕೆ ಸರಿದಿರಬಾರದು ಎಂಬಂಥ ಮಾನದಂಡಗಳನ್ನು ಅವರು ರೂಪಿಸಿದ ಮೇಲೆ, ತಲೆಬುರುಡೆ ತೆರೆಯದೆಯೇ ಎರಡನ್ನೂ ಬಹುಮಟ್ಟಿಗೆ ಬೇರ್ಪಡಿಸಿ ನೋಡುವುದು ಸಾಧ್ಯವಾಯಿತು. ನಮ್ಮ ಭಾಗದ ವೈದ್ಯಕೀಯದಲ್ಲಿ ಸದ್ದಿಲ್ಲದೆ ಆದ ದೊಡ್ಡ ಉಪಕಾರಗಳಲ್ಲಿ ಇದನ್ನೂ ಎಣಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಈ ಪರಾವಲಂಬಿ ನೆಲೆಯೂರಿರುವ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು ಶೇ. 30ರಷ್ಟು ಪ್ರಕರಣಗಳಿಗೆ ಇದರ ನಂಟಿದೆ. ಹಾಗೆಂದು ಪ್ರತಿಯೊಂದು ಫಿಟ್ಸ್‌ಗೂ ಹುಳುವೇ ಕಾರಣವಲ್ಲ. ಅದನ್ನು ಸ್ಕ್ಯಾನ್ ಮತ್ತು ಕೆಲವೊಮ್ಮೆ ರಕ್ತಪರೀಕ್ಷೆ ತೀರ್ಮಾನಿಸುತ್ತವೆ.

ಎಲೆಕೋಸಿನ ತಪ್ಪೆಷ್ಟು

ಎಲೆಕೋಸಿನಲ್ಲಿ ಕಣ್ಣಿಗೆ ಕಾಣುವ ಹಸಿರು ಹುಳುಗಳು ಪತಂಗಗಳ ಮರಿಹುಳುಗಳು. ಅವು ಎಲೆ ತಿಂದು ಬದುಕುತ್ತವೆ. ಬೆಂದು ನಮ್ಮ ಹೊಟ್ಟೆ ಸೇರಿದರೂ ಜೀರ್ಣವಾಗಿ ಹೋಗುತ್ತವೆ. ಮೆದುಳಿಗೆ ಏರುವ ಸಾಮರ್ಥ್ಯ ಅವಕ್ಕಿಲ್ಲ. ಲಾಡಿಹುಳುವಿನ ಮೊಟ್ಟೆ ಕಣ್ಣಿಗೆ ಕಾಣುವುದೇ ಇಲ್ಲ. ಕೊಳಚೆ ನೀರು ಹಾಯಿಸಿ ಬೆಳೆದ ಅಥವಾ ಕೊಳಕು ನೀರಿನಲ್ಲಿ ತೊಳೆದು ಮಾರಾಟಕ್ಕಿಟ್ಟ ಯಾವುದೇ ತರಕಾರಿ, ಸೊಪ್ಪು, ಕ್ಯಾರೆಟ್ ಅಥವಾ ಮೂಲಂಗಿಯ ಮೇಲೂ ಅದು ಅಂಟಿಕೊಂಡಿರಬಹುದು. ಎಲೆಕೋಸನ್ನು ಬಿಟ್ಟು ಕೊತ್ತಂಬರಿ ಸೊಪ್ಪನ್ನು ಹಸಿಯಾಗಿ ಉದುರಿಸಿಕೊಳ್ಳುವುದರಿಂದ ಅಪಾಯ ಕಡಿಮೆಯಾಗುವುದಿಲ್ಲ.

ನಮ್ಮ ಅಡುಗೆಮನೆಗಳಲ್ಲಿ ಹೂಕೋಸನ್ನು ಉಪ್ಪು-ಅರಿಶಿನದ ನೀರಿನಲ್ಲಿ ಮುಳುಗಿಸಿಡುವ ರೂಢಿಯಿದೆ. ಮರಿಹುಳುಗಳು ಹೊರಬರಲು ಅದು ಒಳ್ಳೆಯದೇ. ಆದರೆ ಲಾಡಿಹುಳುವಿನ ಮೊಟ್ಟೆ ಅದರಿಂದ ಸಾಯುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ವಿನೆಗರ್, ಕ್ಲೋರಿನ್‌ಗಳನ್ನೂ ಆ ಕವಚ ಬಹಳಮಟ್ಟಿಗೆ ತಾಳಿಕೊಳ್ಳುತ್ತದೆ. ಹರಿಯುವ ಶುದ್ಧ ನೀರಿನಲ್ಲಿ ಎಲೆಎಲೆಯಾಗಿ ಬಿಡಿಸಿ ಉಜ್ಜಿ ತೊಳೆದರೆ ಮೊಟ್ಟೆಗಳು ಜಾರಿಹೋಗುತ್ತವೆ, ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಗಡ್ಡೆ ತರಕಾರಿಗಳ ಸಿಪ್ಪೆ ತೆಗೆಯುವುದೂ ಸಹಾಯಕ. ಇಷ್ಟಾಗಿಯೂ ಒಂದು ಮಾತು ಹೇಳಬೇಕು: ಹಲವು ದೇಶಗಳ ಅಧ್ಯಯನಗಳಲ್ಲಿ ಪದೇಪದೇ ಕಂಡುಬಂದಿರುವ ಅತಿದೊಡ್ಡ ಅಪಾಯ ದೂರದ ಹೊಲದ್ದಲ್ಲ, ಹುಳುವನ್ನು ಹೊತ್ತವರು ಅದೇ ಮನೆಯಲ್ಲಿ ಅಥವಾ ನೆರೆಯಲ್ಲಿ ಇರುವುದು. ಕೈಗಳ ಮಾತು ತರಕಾರಿಗಳ ಮಾತಿಗಿಂತ ಮೊದಲು ಬರಬೇಕು.

ಮಾತ್ರೆಯನ್ನು ತಾವಾಗಿಯೇ ನುಂಗಬಾರದು ಏಕೆ

ಕರುಳಿನಲ್ಲಿರುವ ಹುಳುವನ್ನು ನಿಕ್ಲೋಸಮೈಡ್ ಅಥವಾ ಪ್ರಾಜಿಕ್ವಾಂಟೆಲ್‌ನಿಂದ ತೆಗೆಯಬಹುದು. ಅದು ಇದೆಯೇ ಎಂದು ಪತ್ತೆಹಚ್ಚುವುದೇ ಕಷ್ಟ, ಏಕೆಂದರೆ ಮೊಟ್ಟೆಗಳು ಪ್ರತಿದಿನವೂ ಮಲದಲ್ಲಿ ಬರುವುದಿಲ್ಲ, ಒಂದೇ ಬಾರಿಯ ಮಲಪರೀಕ್ಷೆ ಅದನ್ನು ತಪ್ಪಿಸಿಬಿಡಬಹುದು.

ಮೆದುಳಿನ ಚೀಲಗಳ ಲೆಕ್ಕವೇ ಬೇರೆ. ಅಲ್ಲಿ ಮೊದಲು ಬೇಕಾದದ್ದು ಫಿಟ್ಸ್ ತಡೆಯುವ ಔಷಧ. ಚೀಲವನ್ನು ಕೊಲ್ಲಲು ಆಲ್ಬೆಂಡಜೋಲ್ ಅನ್ನು ದೇಹತೂಕಕ್ಕೆ ತಕ್ಕಂತೆ ಹಲವು ದಿನ ಕೊಡುತ್ತಾರೆ. ಚೀಲಗಳು ಎರಡಕ್ಕಿಂತ ಹೆಚ್ಚಿದ್ದರೆ ಪ್ರಾಜಿಕ್ವಾಂಟೆಲ್ ಕೂಡ ಸೇರುತ್ತದೆ. ಆದರೆ ಚೀಲ ಸತ್ತಾಗಲೇ ಊತ ಏರುವುದು. ಆದ್ದರಿಂದ ಈ ಔಷಧಗಳೊಡನೆ ಊತವನ್ನು ಹಿಡಿದಿಡುವ ಸ್ಟೆರಾಯ್ಡ್ ಕೊಡುತ್ತಾರೆ, ಆರಂಭಿಸುವ ಮೊದಲು ಕಣ್ಣನ್ನು ಪರೀಕ್ಷಿಸುತ್ತಾರೆ, ಏಕೆಂದರೆ ಕಣ್ಣಿನೊಳಗೆ ಚೀಲ ಸತ್ತು ಊತವಾದರೆ ದೃಷ್ಟಿಯೇ ಹೋಗಬಹುದು. ತಲೆಯೊಳಗೆ ಒತ್ತಡ ಏರಿರುವವರಿಗೆ ಚೀಲ ಕೊಲ್ಲುವ ಔಷಧವನ್ನು ಕೊಡುವುದೇ ಇಲ್ಲ. ಒಂದೇ ಗಂಟಿರುವ ಎಷ್ಟೋ ಮಕ್ಕಳಲ್ಲಿ ಅದು ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕರಗುತ್ತದೆ. ಆದರೂ ಫಿಟ್ಸ್ ಔಷಧವನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು.

2015ರಿಂದ ಶಾಲೆ ಮತ್ತು ಅಂಗನವಾಡಿಗಳಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡುವುದೂ ಆಲ್ಬೆಂಡಜೋಲ್ ಮಾತ್ರೆಯೇ ಆದ್ದರಿಂದ ಹಲವರಿಗೆ ಗೊಂದಲವಾಗುತ್ತದೆ. ಅದರ ಗುರಿ ದುಂಡುಹುಳು, ಕೊಕ್ಕೆಹುಳು ಮತ್ತು ಚಾಟಿಹುಳುಗಳು. ಅದು ಒಂದೇ ಸಲದ ಪ್ರಮಾಣ. ರಕ್ತಹೀನತೆಯಿಂದ ಬಳಲುವ ಮಕ್ಕಳಿಗೆ ಅದರ ಉಪಯೋಗ ದೊಡ್ಡದು, ಆದರೆ ಮೆದುಳಿನ ಚೀಲಕ್ಕೆ ಅದು ಚಿಕಿತ್ಸೆಯಲ್ಲ.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಅಥವಾ ಕಬ್ಬಿಣದ ತುಂಡು ತುರುಕುವ ಪದ್ಧತಿ ನಮ್ಮಲ್ಲಿನ್ನೂ ಇದೆ. ಅದರಿಂದ ಏನೂ ಆಗದು. ಬಾಯಿಗೆ ಏನನ್ನೂ ಹಾಕದೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.

ದನ, ನಾಯಿ, ಕರು

ದನದ ಮಾಂಸದಿಂದ ಬರುವ ಟೀನಿಯಾ ಸ್ಯಾಜಿನೇಟಾ ಎಂಬ ಲಾಡಿಹುಳು ಇನ್ನೂ ಉದ್ದವಾಗಿ ಬೆಳೆದರೂ, ಅದರ ಮೊಟ್ಟೆಗಳು ಮನುಷ್ಯನ ಮೆದುಳಿನಲ್ಲಿ ಚೀಲವಾಗುವುದಿಲ್ಲ. ನಾಯಿಯ ಕರುಳಿನಲ್ಲಿರುವ ಎಕಿನೋಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಕ್ರಮ ಬೇರೆ: ಅಲ್ಲಿ ನಾಯಿ ಅಂತಿಮ ಆತಿಥೇಯ, ಕುರಿ ಮಧ್ಯಂತರ ಆತಿಥೇಯ, ನಾಯಿಯ ಮಲದಲ್ಲಿನ ಮೊಟ್ಟೆ ನುಂಗಿದ ಮನುಷ್ಯನ ಯಕೃತ್ತು ಅಥವಾ ಶ್ವಾಸಕೋಶದಲ್ಲಿ ನೀರುಗಂಟು. ಕಸಾಯಿಖಾನೆಯ ಹಸಿ ತ್ಯಾಜ್ಯ ನಾಯಿಗಳಿಗೆ ಸಿಗದಂತೆ ನೋಡಿಕೊಳ್ಳಬೇಕೆನ್ನುವುದು ಇದೇ ಕಾರಣಕ್ಕೆ. ಎಳೆಗರುಗಳ ಭೇದಿಗೆ ಕಾರಣವಾಗುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶ ಪರಾವಲಂಬಿಗೆ ಕ್ಲೋರಿನ್ ನಾಟುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಅದು ನಲ್ಲಿನೀರಿಗೆ ಸೇರಿ ಸುಮಾರು ನಾಲ್ಕು ಲಕ್ಷ ಜನರಿಗೆ ಭೇದಿ ತಂದಿತ್ತು.

ಚಕ್ರವನ್ನು ಎಲ್ಲಿ ಮುರಿಯಬಹುದು

ಮಾಂಸದ ಕಡೆಯಿಂದ ನೋಡಿದರೆ ಉಪಾಯ ಸರಳ. ಒಳಭಾಗವೂ 60 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಬೇಯಿಸಿದರೆ ಅಥವಾ ಮೈನಸ್ 10 ಡಿಗ್ರಿಯಲ್ಲಿ ಹತ್ತು ದಿನ ಹೆಪ್ಪುಗಟ್ಟಿಸಿಟ್ಟರೆ ಚೀಲಗಳು ಸಾಯುತ್ತವೆ. ಹೊತ್ತು ಹಿಡಿದು ಬೇಯಿಸುವ ಕೊಡಗಿನ ಪಂದಿಕರಿಯಲ್ಲಾಗಲಿ ಮಂಗಳೂರಿನ ಕಡೆಯ ದುಕ್ರಾಮಾಸ್‌ನಲ್ಲಾಗಲಿ ಅವು ಉಳಿಯಲಾರವು. ಹೊರಗೆ ಕರಿದು ಒಳಗೆ ಕೆಂಪಾಗಿಯೇ ಉಳಿಯುವ ದಪ್ಪ ತುಂಡುಗಳ ಬಗ್ಗೆ ಎಚ್ಚರ ಬೇಕು.

ಮಲದ ಕಡೆಯಿಂದ ನೋಡಿದರೆ, ಎಲ್ಲರೂ ಬಳಸುವ ಶೌಚಾಲಯ, ಹೊಲಕ್ಕೆ ಹರಿಯದ ಕೊಳಚೆ, ಕಟ್ಟಿ ಸಾಕಿದ ಹಂದಿ, ಈ ಮೂರೂ ಒಟ್ಟಿಗೆ ಬೇಕು. ಶೌಚಾಲಯ ಕಟ್ಟಿದ ಮೇಲೂ ಅದರ ಗುಂಡಿ ಚರಂಡಿಗೆ ತೆರೆದುಕೊಂಡಿದ್ದರೆ ಬೀದಿ ಹಂದಿಗೆ ಏನೂ ಕಡಿಮೆಯಾಗುವುದಿಲ್ಲ. ಜರ್ಮನಿಯಂಥ ದೇಶಗಳಲ್ಲಿ ಈ ಹುಳು ಇಲ್ಲವಾದದ್ದು ನೈರ್ಮಲ್ಯ, ಮಾಂಸ ತಪಾಸಣೆ ಮತ್ತು ದೊಡ್ಡಿಯಲ್ಲಿಟ್ಟು ಹಂದಿ ಸಾಕುವ ಪದ್ಧತಿಗಳಿಂದ. ಅದಕ್ಕೆ ಹಲವು ದಶಕಗಳೇ ಬೇಕಾದವು.

ಅಷ್ಟು ಕಾಲ ಕಾಯದೆಯೂ ಸಾಧಿಸಬಹುದೆಂದು ತೋರಿಸಿದ್ದು ಪೆರು ದೇಶ. ಅದರ ಉತ್ತರದ ಟುಂಬೆಸ್ ಪ್ರದೇಶದಲ್ಲಿ ಜನರಿಗೆ ಹುಳುವಿನ ಔಷಧವನ್ನೂ ಹಂದಿಗಳಿಗೆ ಔಷಧ ಮತ್ತು ಲಸಿಕೆಯನ್ನೂ ಸಾಮೂಹಿಕವಾಗಿ ಕೊಟ್ಟಾಗ, 107 ಹಳ್ಳಿಗಳಲ್ಲಿ 105ರಲ್ಲಿ ಸೋಂಕಿನ ಹರಡುವಿಕೆ ನಿಂತದ್ದನ್ನು 2016ರಲ್ಲಿ ಸಂಶೋಧಕರು ಪ್ರಕಟಿಸಿದರು. ಹಂದಿಗೆ ಕೊಡುವ ಈ ಲಸಿಕೆಯ ಮೂಲ ಸಂಶೋಧನೆ ಮೆಲ್ಬರ್ನ್ ವಿಶ್ವವಿದ್ಯಾಲಯದ ಮಾರ್ಷಲ್ ಲೈಟೋಲರ್ಸ್ ಅವರದು; ಅದನ್ನು ಸಿಸ್‌ವ್ಯಾಕ್ಸ್ ಎಂಬ ಹೆಸರಿನಲ್ಲಿ ತಯಾರಿಸುತ್ತಿರುವುದು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್. ಲಸಿಕೆ ಹೊಸ ಸೋಂಕನ್ನು ತಡೆಯುತ್ತದೆ, ಜೊತೆಯಲ್ಲಿ ಕೊಡುವ ಆಕ್ಸ್‌ಫೆಂಡಜೋಲ್ ಈಗಾಗಲೇ ಮಾಂಸದಲ್ಲಿರುವ ಚೀಲಗಳನ್ನು ಕೊಲ್ಲುತ್ತದೆ. ತೊಡಕಿರುವುದು ಖರ್ಚಿನಲ್ಲಿ: ಚೀಲಗಳಿದ್ದರೂ ಹಂದಿ ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇರುತ್ತದೆ, ತೂಕ ಇಳಿಯುವುದಿಲ್ಲ, ತಪಾಸಣೆಯಿಲ್ಲದ ಸಂತೆಯಲ್ಲಿ ಲಸಿಕೆ ಹಾಕಿಸಿದ ಹಂದಿಗೂ ಹಾಕಿಸದ ಹಂದಿಗೂ ಒಂದೇ ಬೆಲೆ. ಸಾಕುವವನು ತನ್ನ ಕಿಸೆಯಿಂದ ಹಣ ಹಾಕಿ ಎರಡು ಬಾರಿ ಚುಚ್ಚಿಸಲು ಅವನಿಗೆ ಸದ್ಯಕ್ಕೆ ಯಾವ ಲಾಭವೂ ಕಾಣುವುದಿಲ್ಲ.